ಪತ್ರಾಸ್ ಕೆಲಸದವರು ಗುತ್ತಿಗೆದಾರರಾಗಲು ಯಾವ ಕಾಗದ ಬೇಕು, ಯಾವುದು ಬೇಡ

ಜತ್ತ ತಾಲೂಕಿನ ನಮ್ಮ ಸದಸ್ಯರ ಮನೆಗಳಲ್ಲಿ ಪತ್ರಾಸ್ ಹೊದಿಸುವ, ಕಬ್ಬಿಣದ ಟ್ರಸ್ ಕೂಡಿಸುವ, ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆಯುವ ಹುಡುಗರು ಬಹಳ ಮಂದಿ ಇದ್ದಾರೆ. ಮಾಳಿಗೆ ಮನೆಗಳು ಕಡಿಮೆಯಾಗುತ್ತ ಬಂದ ಹಾಗೆ ಮತ್ತು ದ್ರಾಕ್ಷಿ ತೋಟದ ಬಗಲಿಗೆ ಬೇದಾಣೆ ಶೆಡ್ಡುಗಳು ಎದ್ದ ಹಾಗೆ ಇವರ ಕೆಲಸವೂ ಹೆಚ್ಚಿದೆ. ನಾಲ್ಕೈದು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದ ಮೇಲೆ ಸ್ವಂತ ಕೆಲಸ ಹಿಡಿಯಬೇಕು ಎನ್ನಿಸುವುದು ಸಹಜ. ಆಗ ಅವರು ಸಂಘಕ್ಕೆ ಬಂದು ಕೇಳುವ ಮೊದಲ ಮಾತು ಒಂದೇ: "ಲೈಸೆನ್ಸ್ ಎಲ್ಲಿ ಸಿಗತದ್ರಿ?"

ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲ. ಅದಕ್ಕಾಗಿಯೇ ಏಜೆಂಟರಿಗೆ ದಾರಿ ಸಿಗುತ್ತದೆ. "ಎಲ್ಲಾ ಲೈಸೆನ್ಸ್ ಕೂಡಿಸಿ ಇಷ್ಟು" ಎಂದು ದುಡ್ಡು ತೆಗೆದುಕೊಂಡು, ಪುಕ್ಕಟೆ ಸಿಗುವ ಎರಡು ಕಾಗದ ಮುದ್ರಿಸಿ ಕೊಟ್ಟು ಕಳಿಸಿದ ಉದಾಹರಣೆಗಳನ್ನು ನಾವು ನೋಡಿದ್ದೇವೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ತಿಳಿಯಬೇಕಾದದ್ದು: ಮಹಾರಾಷ್ಟ್ರದಲ್ಲಿ ಛಾವಣಿ ಕೆಲಸಕ್ಕೆಂದೇ ಪ್ರತ್ಯೇಕ ರಾಜ್ಯ ಲೈಸೆನ್ಸ್ ಇಲ್ಲ. ಕರ್ನಾಟಕದಲ್ಲಿಯೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿ-39 ಎಂಬ ವರ್ಗ ಛಾವಣಿಯವರಿಗೇ ಇದೆ. ನಾಲ್ಕು ವರ್ಷದ ಅನುಭವ ತೋರಿಸಿ, ಪರೀಕ್ಷೆ ಪಾಸಾಗಿ, ಬಾಂಡ್ ಕಟ್ಟಿದರೆ ಮಾತ್ರ ಅಲ್ಲಿ ಆ ಲೈಸೆನ್ಸ್ ಸಿಗುತ್ತದೆ. ನಮ್ಮ ಕಡೆ ಅಂಥ ಪರೀಕ್ಷೆಯೂ ಇಲ್ಲ, ಆ ಹೆಸರಿನ ಕಾಗದವೂ ಇಲ್ಲ. "ರೂಫಿಂಗ್ ಲೈಸೆನ್ಸ್ ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮಲ್ಲಿ ಇರುವುದು ಬೇರೆ ಬೇರೆ ನೋಂದಣಿಗಳು. ಯಾರ ಕೆಲಸ ಹಿಡಿಯುತ್ತೀರಿ, ವರ್ಷಕ್ಕೆ ಎಷ್ಟು ವಹಿವಾಟು, ಕೈಕೆಳಗೆ ಎಷ್ಟು ಜನ ಎಂಬುದನ್ನು ನೋಡಿ ಯಾವುದು ಬೇಕು ಎಂದು ತೀರ್ಮಾನವಾಗುತ್ತದೆ.

ಎಲ್ಲಕ್ಕಿಂತ ಮೊದಲು ಹೆಸರು

ನಮ್ಮವರ ಅರ್ಜಿಗಳು ಬಿದ್ದುಹೋಗುವುದು ಹಣ ಅಥವಾ ಅನುಭವದ ಕೊರತೆಯಿಂದಲ್ಲ, ಹೆಸರಿನಿಂದ. ಕನ್ನಡದ ಹೆಸರು ಮರಾಠಿ ಲಿಪಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಮೂರು ರೂಪ ತಾಳುತ್ತದೆ. ಬಸಪ್ಪ ಎಂಬುವರು ಒಂದು ಕಡೆ ಬಸಾಪ್ಪಾ ಆಗಿರುತ್ತಾರೆ. ಸಿದ್ದರಾಮ ಒಂದು ಕಾಗದದಲ್ಲಿ ಸಿದ್ರಾಮ, ಇನ್ನೊಂದರಲ್ಲಿ ಸಿದ್ಧರಾಮ. ಅಡ್ಡಹೆಸರು ಬಿರಾದಾರ ಇದ್ದವರು ಮರಾಠಿ ಕಾಗದದಲ್ಲಿ ಬಿರಾಜದಾರ ಆಗುವುದಂತೂ ಗಡಿಯಲ್ಲಿ ಮನೆಮನೆಯ ಕಥೆ. ಅಣ್ಣ ವಿಜಯಪುರದ ಕಡೆ ಓದಿ ಬಿರಾದಾರ, ತಮ್ಮ ಇಲ್ಲಿ ಓದಿ ಬಿರಾಜದಾರ, ಇಬ್ಬರದೂ ಒಂದೇ ಸಾತಬಾರಾ ಉತಾರೆ. ಊರ ಹೆಸರಿಗೂ ಇದೇ ಪಾಡು. ನಮ್ಮ ಜತ್ತಕ್ಕೆ ಇಂಗ್ಲಿಷಿನಲ್ಲಿಯೇ ಎರಡು ಕಾಗುಣಿತ ಬಳಕೆಯಲ್ಲಿವೆ. ಆಧಾರದಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು.

ಮನುಷ್ಯರು ನೋಡುತ್ತಿದ್ದಾಗ "ಇರಲಿ ಬಿಡಿ, ಇವನೇ ಅವನು" ಎಂದು ಸಾಗುತ್ತಿತ್ತು. ಈಗ ಆಧಾರವನ್ನೂ ಪ್ಯಾನನ್ನೂ ಹೋಲಿಸುವುದು ಕಂಪ್ಯೂಟರ್. ಒಂದು ಅಕ್ಷರ ಬೇರೆಯಾದರೂ ಅರ್ಜಿ ಮುಂದೆ ಹೋಗುವುದಿಲ್ಲ. ಆದ್ದರಿಂದ ನಮ್ಮ ಸಲಹೆ ಇದು. ಯಾವುದೇ ಅರ್ಜಿ ತುಂಬುವ ಮೊದಲು ಒಂದು ಹಾಳೆಯ ಮೇಲೆ ಶಾಲೆ ಬಿಟ್ಟ ದಾಖಲೆ, ಆಧಾರ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಉತಾರೆ, ಈ ಆರರಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಹೇಗಿವೆಯೋ ಹಾಗೆಯೇ ಸಾಲಾಗಿ ಬರೆದುಕೊಳ್ಳಿ. ಎಲ್ಲಿ ತಪ್ಪಿದೆ ಎಂಬುದು ಹತ್ತು ನಿಮಿಷದಲ್ಲಿ ಕಾಣುತ್ತದೆ.

ತಿದ್ದುವಾಗ ಶಾಲೆಯ ದಾಖಲೆಯನ್ನು ಬುಡ ಮಾಡಿಕೊಂಡು ಮೊದಲು ಆಧಾರ, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್ ಎಂಬ ಕ್ರಮ ಹಿಡಿಯಿರಿ. ತಿರುವು ಮುರುವು ಮಾಡಿದರೆ ಒಂದನ್ನು ತಿದ್ದಿ ಬಂದು ಮತ್ತೊಮ್ಮೆ ಅದನ್ನೇ ತಿದ್ದಬೇಕಾಗುತ್ತದೆ. ಶಾಲೆಯ ದಾಖಲೆ ಕನ್ನಡದಲ್ಲಿದ್ದರೆ ಮರಾಠಿ ಅಥವಾ ಇಂಗ್ಲಿಷಿನಲ್ಲಿಯೂ ಹೆಸರು ಬರೆದುಕೊಡುವಂತೆ ಮುಖ್ಯಾಧ್ಯಾಪಕರನ್ನು ಕೇಳಿ. ಆಗದಿದ್ದರೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಅಡ್ಡಹೆಸರೇ ಬೇರೆಯಾಗಿ ಹೋಗಿದ್ದರೆ ಮಹಾರಾಷ್ಟ್ರ ಸರಕಾರದ ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸುವುದು ಗಟ್ಟಿ ದಾರಿ. ಇದರ ಅರ್ಜಿ ಮುದ್ರಣ ಸಂಚಾಲನಾಲಯದ ಜಾಲತಾಣದಲ್ಲಿಯೇ ತುಂಬಲು ಬರುತ್ತದೆ. ಒಮ್ಮೆ ರಾಜಪತ್ರದ ಪುಟ ಕೈಗೆ ಬಂದರೆ ಅದರ ಹತ್ತು ಪ್ರತಿ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಮಕ್ಕಳ ಶಾಲೆ, ಕಾಲೇಜಿಗೂ ಬೇಕಾಗುತ್ತದೆ.

ಖಾಸಗಿ ಕೆಲಸ ಮಾತ್ರ ಹಿಡಿಯುವವರಿಗೆ

ಊರವರ ಮನೆ, ದನದ ಕೊಟ್ಟಿಗೆ, ಬೇದಾಣೆ ಶೆಡ್, ಅಂಗಡಿ, ಇಷ್ಟೇ ಕೆಲಸ ಮಾಡುವವರಿಗೆ ಬೇಕಾದ ಕಾಗದ ನಿಜವಾಗಿ ಕಡಿಮೆ. ಪ್ಯಾನ್ ಮತ್ತು ಉದ್ಯಮದ ಹೆಸರಿನಲ್ಲಿ ಒಂದು ಚಾಲ್ತಿ ಖಾತೆ ಇರಲಿ. ಅದರ ಜತೆ ಉದ್ಯಮ್ ನೋಂದಣಿ ಮಾಡಿಸಿ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿಗೆ ಸರಕಾರಿ ಶುಲ್ಕ ಇಲ್ಲ, ಕಾಗದ ಅಪ್‌ಲೋಡ್ ಮಾಡುವುದೂ ಇಲ್ಲ. ಆಧಾರ, ಪ್ಯಾನ್ ಮತ್ತು ಆಧಾರಕ್ಕೆ ಜೋಡಿಸಿದ ಮೊಬೈಲ್ ಇದ್ದರೆ ಸಾಕು. ಅರ್ಜಿಯಲ್ಲಿ ಕೆಲಸದ ಸಂಕೇತ ಸಂಖ್ಯೆ ಕೇಳುತ್ತದೆ. ಛಾವಣಿ ಹೊದಿಸುವ ಕೆಲಸ 4390 ಎಂಬ ವರ್ಗದಲ್ಲಿ, ಅಂದರೆ ಇತರ ವಿಶೇಷ ನಿರ್ಮಾಣ ಕೆಲಸಗಳಲ್ಲಿ ಬರುತ್ತದೆ. ಸ್ವಂತ ವರ್ಕ್‌ಶಾಪಿನಲ್ಲಿ ಟ್ರಸ್, ಗೇಟು ತಯಾರಿಸುವವರು 2511ನ್ನೂ ಸೇರಿಸಿ. ಅದು ಉತ್ಪಾದನೆ, ಇದು ಸೇವೆ. ಎರಡೂ ಇದ್ದರೆ ಸಾಲ ಕೇಳಲು ಹೋದಾಗ ಅನುಕೂಲ.

ಜತ್ತ ಪಟ್ಟಣದಲ್ಲಿ ಅಂಗಡಿ ಅಥವಾ ಆಫೀಸು ಇಟ್ಟರೆ ಗುಮಾಸ್ತಾ ಎಂದು ಎಲ್ಲರೂ ಕರೆಯುವ ಶಾಪ್ ಆ್ಯಕ್ಟ್ ನೋಂದಣಿ ಬೇಕು. 2017ರ ಹೊಸ ಕಾನೂನು ಬಂದ ಮೇಲೆ 10ಕ್ಕಿಂತ ಕಡಿಮೆ ಕೆಲಸಗಾರರು ಇರುವವರಿಗೆ ಅದು ಲೈಸೆನ್ಸ್ ಆಗಿ ಉಳಿಯಲಿಲ್ಲ. ಇಂಥ ಕಡೆ ಇಂಥ ಧಂಧೆ ನಡೆಸುತ್ತಿದ್ದೇನೆ ಎಂದು ಫಾರ್ಮ್ ಎಫ್‌ನಲ್ಲಿ ಆನ್‌ಲೈನ್ ಸೂಚನೆ ಕೊಟ್ಟು ಪಾವತಿ ಪಡೆಯುವುದಷ್ಟೇ. ಇದಕ್ಕೂ ಸಾವಿರಗಟ್ಟಲೆ ವಸೂಲಿ ಮಾಡುವವರಿದ್ದಾರೆ. ಹಳ್ಳಿಯಲ್ಲಿದ್ದವರಿಗೆ ಬ್ಯಾಂಕಿನವರು ಸಾಮಾನ್ಯವಾಗಿ ಉದ್ಯಮ್ ಜತೆಗೆ ಗ್ರಾಮ ಪಂಚಾಯತಿಯ ದಾಖಲೆ ಕೇಳುತ್ತಾರೆ. ಗ್ರಾಮಸೇವಕರಿಗೆ ಅರ್ಜಿ ಕೊಡುವಾಗ ಘರಪಟ್ಟಿಯ ಬಾಕಿ ಮುಗಿಸಿಕೊಂಡೇ ಹೋಗಿ. ಅಲ್ಲಿಯೇ ಅರ್ಧ ಜನ ತಿರುಗಿ ಬರುತ್ತಾರೆ.

ಇಲ್ಲಿ ಘರಕುಲದ ವಿಷಯ ಹೇಳಲೇಬೇಕು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗಳನ್ನು "ಗುತ್ತಿಗೆ ಹಿಡಿಯಲು" ಲೈಸೆನ್ಸ್ ಬೇಕು ಎಂದು ಕೆಲವರು ಕೇಳುತ್ತಾರೆ. ಆ ಯೋಜನೆಯ ನಿಯಮದಲ್ಲಿ ಗುತ್ತಿಗೆದಾರನಿಗೆ ಜಾಗವೇ ಇಲ್ಲ. ಮನೆ ಕಟ್ಟಬೇಕಾದವರು ಫಲಾನುಭವಿಗಳು, ಹಣ ಜಮಾ ಆಗುವುದೂ ಅವರ ಖಾತೆಗೆ. ಅವರು ನಿಮ್ಮನ್ನು ಕರೆದು ಮಜೂರಿ ಕೊಡಬಹುದು, ಅಷ್ಟೇ. "ಇಡೀ ಊರಿನ ಘರಕುಲ ನನಗೆ ಕೊಡಿಸಿ" ಎಂದು ಯಾರ ಬಾಗಿಲಿಗೂ ಹೋಗಬೇಡಿ.

ಜಿಎಸ್‌ಟಿ ಮತ್ತು ಗಡಿ

ನಮ್ಮ ಹುಡುಗರು ಬೆಳಿಗ್ಗೆ ಉಮದಿಯಲ್ಲಿ, ಮಧ್ಯಾಹ್ನ ಚಡಚಣದಲ್ಲಿ ಕೆಲಸ ಮಾಡುವವರು. ರಾಜ್ಯದ ಗಡಿ ಅವರಿಗೆ ಒಂದು ರಸ್ತೆಯ ಫಲಕ. ತೆರಿಗೆಗೆ ಮಾತ್ರ ಅದು ಗಡಿಯೇ. ಆದ್ದರಿಂದ ಈ ಭಾಗವನ್ನು ಎರಡು ಸಲ ಓದಿ.

ಸಾಮಾನು ಸಮೇತ ಛಾವಣಿ ಕಟ್ಟಿಕೊಡುವುದು ಜಿಎಸ್‌ಟಿ ಕಾನೂನಿನ ಪ್ರಕಾರ ಸೇವೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. 40 ಲಕ್ಷದ ಮಿತಿ ಕೇವಲ ಸರಕು ಮಾರುವವರಿಗೆ, ಅದನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ಕರ್ನಾಟಕದಲ್ಲಿ ಕೆಲಸ ಮಾಡಿದರೆ ಅಂತರರಾಜ್ಯ ಸೇವೆ ಆಗುತ್ತದೆ. ಆದರೂ 2017ರ ಅಕ್ಟೋಬರಿನ ಅಧಿಸೂಚನೆಯ ಪ್ರಕಾರ ಸೇವೆ ಕೊಡುವವರಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. ಸರಕಿಗೆ ಆ ವಿನಾಯಿತಿ ಇಲ್ಲ. ಅಂದರೆ ಚಡಚಣದ ರೈತನ ಶೆಡ್ಡನ್ನು ನೀವೇ ಹೊದಿಸಿಕೊಟ್ಟರೆ ಒಂದು ಲೆಕ್ಕ, ಬರೀ ಪತ್ರಾ ಮಾರಿ ಗಾಡಿಗೆ ಹೇರಿ ಆ ಕಡೆ ಕಳಿಸಿದರೆ ಬೇರೆ ಲೆಕ್ಕ. ಎರಡನೆಯದಕ್ಕೆ ವಹಿವಾಟು ಸಣ್ಣದಿದ್ದರೂ ನೋಂದಣಿ ಬೇಕು.

ಇನ್ನೊಂದು ಉಪಯೋಗದ ಮಾತು. ಪತ್ರಾ, ಪೈಪು, ಸ್ಕ್ರೂ ಎಲ್ಲ ಮಾಲೀಕನೇ ತಂದು ನೀವು ಮಜೂರಿ ಮಾತ್ರ ಪಡೆದರೆ ನಿಮ್ಮ ವಹಿವಾಟು ಮಜೂರಿಯಷ್ಟೇ. ಅದೂ ಒಂಟಿ ವಾಸದ ಮನೆ ಕಟ್ಟುವ ಶುದ್ಧ ಮಜೂರಿ ಕೆಲಸವಾಗಿದ್ದರೆ ಅದಕ್ಕೆ ಜಿಎಸ್‌ಟಿಯೇ ಇಲ್ಲ. ಆದ್ದರಿಂದ ಸುಮ್ಮನೆ ದೊಡ್ಡವರಾಗಿ ಕಾಣಲು ಜಿಎಸ್‌ಟಿ ನಂಬರ್ ತೆಗೆದುಕೊಳ್ಳಬೇಡಿ. ತೆಗೆದುಕೊಂಡ ಮೇಲೆ ಕೆಲಸ ಇದ್ದರೂ ಇಲ್ಲದಿದ್ದರೂ ರಿಟರ್ನ್ ತುಂಬಬೇಕು. ತುಂಬದಿದ್ದರೆ ತಡದ ಶುಲ್ಕ ಬೆಳೆಯುತ್ತ ಹೋಗುತ್ತದೆ. ವರ್ಷಕ್ಕೆ ಎಂಟು ಲಕ್ಷದ ಕೆಲಸ ಮಾಡುವವರಿಗೆ ಇದು ಬೇಡದ ಹೊರೆ ಎಂಬುದು ನಮ್ಮ ಅಭಿಪ್ರಾಯ. ಸರಕಾರಿ ಕೆಲಸ ಹಿಡಿಯುವವರ ಮಾತು ಬೇರೆ.

ಸರಕಾರಿ ಕೆಲಸಕ್ಕೆ

ಶಾಲೆಯ ಛಾವಣಿ, ಅಂಗನವಾಡಿ, ಸಮಾಜ ಮಂದಿರ, ಇಂಥವುಗಳನ್ನು ನಿಮ್ಮ ಹೆಸರಿನಲ್ಲಿ ಹಿಡಿಯಬೇಕೆಂದರೆ ಸಾರ್ವಜನಿಕ ಬಾಂಧಕಾಮ ವಿಭಾಗದ ಗುತ್ತಿಗೆದಾರರ ನೋಂದಣಿ ಬೇಕು. ಜನ "ಲೈಸೆನ್ಸ್" ಎನ್ನುವುದು ಹೆಚ್ಚಾಗಿ ಇದಕ್ಕೇ. ನೋಂದಣಿ ವರ್ಗಗಳಲ್ಲಿದೆ, ಪ್ರತಿ ವರ್ಗಕ್ಕೂ ಎಷ್ಟು ಮೊತ್ತದ ಕೆಲಸ ಹಿಡಿಯಬಹುದು ಎಂಬ ಮಿತಿ ಇದೆ. ಕೆಳಗಿನ ವರ್ಗಗಳು ಕೆಳಗಿನ ಕಚೇರಿಗಳಲ್ಲಿಯೇ ಆಗುತ್ತವೆ, ದೊಡ್ಡವು ಮೇಲಕ್ಕೆ ಹೋಗುತ್ತವೆ. ಮಿತಿಗಳು ಸರಕಾರಿ ನಿರ್ಣಯದಿಂದ ಆಗಾಗ ಬದಲಾಗುತ್ತವೆ, ಆದ್ದರಿಂದ ಹಳೆಯ ಪಟ್ಟಿ ನಂಬದೆ ಅರ್ಜಿ ತರುವ ದಿನ ಕಚೇರಿಯಲ್ಲಿಯೇ ನೋಡಿಕೊಳ್ಳಿ. ಮೊದಲ ಸಲಕ್ಕೆ ಎಲ್ಲಕ್ಕಿಂತ ಸಣ್ಣ ವರ್ಗವೇ ಸಾಕು. ಡಿಪ್ಲೊಮಾ, ಡಿಗ್ರಿ ಮುಗಿಸಿದ ಸಿವಿಲ್ ಹುಡುಗರಿಗೆ ಸುಶಿಕ್ಷಿತ ಬೇರೋಜಗಾರ ಅಭಿಯಂತರ ಎಂಬ ಬೇರೆ ನೋಂದಣಿ ಇದೆ. ಅವರಿಗೂ ಮಜೂರ ಸಹಕಾರಿ ಸಂಸ್ಥೆಗಳಿಗೂ ಸಣ್ಣ ಕೆಲಸಗಳಲ್ಲಿ ಪಾಲು ಕಾದಿಟ್ಟಿರುತ್ತಾರೆ. ಮನೆಯಲ್ಲಿ ಒಬ್ಬ ಇಂಜಿನಿಯರ್ ಕೂತಿದ್ದರೆ, ಕೈಗೆ ಕೆಲಸ ಬರುವ ಅಣ್ಣನೂ ಓದಿದ ತಮ್ಮನೂ ಕೂಡಿ ಈ ದಾರಿ ಹಿಡಿಯುವುದು ಒಳ್ಳೆಯದು.

ಈ ಅರ್ಜಿಗೆ ಹತ್ತುವ ಕಾಗದಗಳಲ್ಲಿ ಪ್ಯಾನ್, ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ಇವು ಸರಳ. ಕಾಡುವುದು ಎರಡು.

ಒಂದು ಐಪತ್ತಿನ ದಾಖಲೆ, ಅಂದರೆ ನಿಮಗೆ ಇಷ್ಟು ಆಸ್ತಿಯ ಬಲ ಇದೆ ಎಂಬ ಪ್ರಮಾಣಪತ್ರ. ಬ್ಯಾಂಕಿನಿಂದಲೂ ತರಬಹುದು, ತಹಸೀಲದಾರರಿಂದಲೂ ಸಿಗುತ್ತದೆ. ತಹಸೀಲಿಗೆ ಆಪಲೆ ಸರಕಾರ್ ಜಾಲತಾಣದಲ್ಲಿ ಇಲ್ಲವೆ ಸೇತು ಕೇಂದ್ರದಲ್ಲಿ ಅರ್ಜಿ ಹಾಕಬೇಕು. ಸಂಖದ ಸುತ್ತಲಿನ ಹಳ್ಳಿಯವರು ತಮ್ಮೂರು ಜತ್ತ ತಹಸೀಲಿಗೋ ಸಂಖದ ಅಪ್ಪರ್ ತಹಸೀಲಿಗೋ ಎಂದು ಮೊದಲೇ ನೋಡಿಕೊಂಡರೆ ಒಂದು ಹೇಲಪಾಟು ತಪ್ಪುತ್ತದೆ. ಹೊಲ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಈ ದಾಖಲೆ ಆಗುವುದಿಲ್ಲ. ವಾರಸಾ ನೋಂದು ಮುಗಿಸದೆ ಇಟ್ಟುಕೊಂಡ ಮನೆತನಗಳು ನಮ್ಮಲ್ಲಿ ಬಹಳ, ಅದರ ಬಿಸಿ ತಟ್ಟುವುದು ಇಂಥ ಹೊತ್ತಿನಲ್ಲಿ. ತಲಾಠಿಯವರ ಹತ್ತಿರ ಆ ಕೆಲಸವನ್ನು ಈಗಲೇ ಶುರು ಮಾಡಿ. ಅದಕ್ಕೆ ತಿಂಗಳುಗಳು ಹಿಡಿಯಬಹುದು.

ಎರಡನೆಯದು ಅನುಭವದ ದಾಖಲೆ. ಹತ್ತು ವರ್ಷ ಛಾವಣಿ ಹತ್ತಿದವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ, ಏಕೆಂದರೆ ಬಾಯಿಮಾತಿನ ಕೆಲಸ, ನಗದು ಮಜೂರಿ. ಇದಕ್ಕೆ ಹಿಂದಕ್ಕೆ ಹೋಗಿ ಮಾಡುವಂಥ ಉಪಾಯ ಇಲ್ಲ. ಇವತ್ತಿನಿಂದ ಮಾಡುವ ಪ್ರತಿ ಕೆಲಸಕ್ಕೂ ಒಂದು ಹಾಳೆಯ ಕರಾರು ಬರೆಯಿರಿ: ಎಷ್ಟು ಚದರ ಅಡಿ, ಪತ್ರಾ ಎಷ್ಟು ಮಿಲಿಮೀಟರ್ ದಪ್ಪ, ಯಾವ ಕಂಪನಿ, ಪೈಪು ಯಾವ ಅಳತೆ, ಒಟ್ಟು ಮೊತ್ತ, ಮುಗಿಸುವ ತಾರೀಖು. ದುಡ್ಡು ಬ್ಯಾಂಕಿನಿಂದ ಬರಲಿ. ಮುಗಿದ ಮೇಲೆ ಮಾಲೀಕನಿಂದ ಎರಡು ಸಾಲು ಸಹಿ ತೆಗೆದುಕೊಳ್ಳಿ. ಈ ಹಾಳೆ ಇನ್ನೊಂದಕ್ಕೂ ಬೇಕು. ಏಪ್ರಿಲ್-ಮೇ ತಿಂಗಳ ಗಾಳಿ ಮಳೆಗೆ ಪತ್ರಾ ಹಾರಿದಾಗ ಊರವರು ಮೊದಲು ಬರುವುದು ನಿಮ್ಮ ಮನೆಗೆ. ತೆಳ್ಳನೆಯ ಪತ್ರಾ ಸಾಕು ಎಂದವರು ಯಾರು, ಹುಕ್ಕಿನ ಸಂಖ್ಯೆ ಕಡಿಮೆ ಮಾಡಿದವರು ಯಾರು ಎಂಬ ಜಗಳಕ್ಕೆ ಆಗ ಬರಹವೇ ಸಾಕ್ಷಿ.

ನೋಂದಣಿ ಆದ ಮೇಲೆ ಟೆಂಡರ್ ತುಂಬುವುದು ಮಹಾಟೆಂಡರ್ಸ್ ಜಾಲತಾಣದಲ್ಲಿ, ಅದಕ್ಕೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಡಿಜಿಟಲ್ ಸಹಿಯ ಪೆನ್‌ಡ್ರೈವನ್ನು ಏಜೆಂಟರ ಹತ್ತಿರ ಬಿಟ್ಟು ಬರುವ ರೂಢಿ ಇದೆ. ಅದು ಸಹಿ ಮಾಡಿದ ಖಾಲಿ ಚೆಕ್ಕುಪುಸ್ತಕ ಬಿಟ್ಟು ಬಂದಂತೆ. ಉದ್ಯಮ್ ಇದ್ದರೆ ಟೆಂಡರಿನ ಇಎಂಡಿ ಮಾಫಿ ಎಂಬ ಮಾತೂ ಓಡಾಡುತ್ತದೆ. ಕೇಂದ್ರದ ಆ ಖರೀದಿ ನೀತಿ ಸರಕು ಮತ್ತು ಸೇವೆಗಳಿಗೆ, ಕಾಮಗಾರಿಯ ಗುತ್ತಿಗೆಗಳಿಗೆ ಅಲ್ಲ. ಅದನ್ನು ನಂಬಿ ಇಎಂಡಿ ಕಟ್ಟದೆ ಟೆಂಡರ್ ತುಂಬಿದರೆ ಲಕೋಟೆ ತೆರೆದ ದಿನವೇ ಹೊರಗೆ. ಕರ್ನಾಟಕದ ಟೆಂಡರಿಗೆ ಆ ರಾಜ್ಯದ ಕೆಪಿಪಿಪಿ ಜಾಲತಾಣ ಬೇರೆ, ನೋಂದಣಿಯೂ ಬೇರೆ. ಇಲ್ಲಿನದು ಅಲ್ಲಿ ತಾನಾಗಿಯೇ ನಡೆಯುವುದಿಲ್ಲ.

ದರ ಹಾಕುವಾಗ ಬಿಲ್ಲಿನಲ್ಲಿ ಕಡಿತವಾಗುವುದನ್ನು ಲೆಕ್ಕ ಹಿಡಿಯಿರಿ. ಜಿಎಸ್‌ಟಿ ಬಿಟ್ಟು 5 ಲಕ್ಷದ ಬಿಲ್ಲು ಎಂದುಕೊಳ್ಳಿ. ಒಬ್ಬನೇ ಮಾಲೀಕನಾಗಿದ್ದರೆ ಆದಾಯ ತೆರಿಗೆ ಶೇ. 1, ಅಂದರೆ 5,000. ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 10,000. ಕಟ್ಟಡ ಕಾರ್ಮಿಕರ ಸೆಸ್ ಶೇ. 1, ಮತ್ತೆ 5,000. ಹೀಗೆ 20,000 ಕಡಿಮೆ ಕೈಗೆ ಬರುತ್ತದೆ, ಭದ್ರತಾ ಠೇವಣಿ ಬೇರೆ. ಮೊದಲೆರಡು ರಿಟರ್ನ್ ತುಂಬಿದಾಗ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಸೆಸ್ ಬರುವುದಿಲ್ಲ, ಅದು ಕಾರ್ಮಿಕರ ನಿಧಿಗೆ ಹೋಗುತ್ತದೆ. ಆ ನಿಧಿಯ ಮಾತಿಗೇ ಈಗ ಬರುತ್ತೇವೆ.

ಮೇಲೆ ಹತ್ತುವವನ ಕಾಗದ

ಗುತ್ತಿಗೆದಾರನ ಕಾಗದ ತಡವಾದರೆ ಒಂದು ಟೆಂಡರ್ ಹೋಗುತ್ತದೆ. ಛಾವಣಿ ಹತ್ತುವ ಹುಡುಗನ ಕಾಗದ ಇಲ್ಲದಿದ್ದರೆ ಒಂದು ಮನೆತನ ಬೀದಿಗೆ ಬರುತ್ತದೆ. ಪತ್ರಾ ಕೆಲಸದಲ್ಲಿ ಕಾಲು ಜಾರುವುದು, ಹಳೆಯ ಸಿಮೆಂಟ್ ಪತ್ರಾ ಒಡೆದು ಕೆಳಗೆ ಬೀಳುವುದು, ಮೇಲೆ ಹಾದ ತಂತಿಗೆ ಪೈಪು ತಗಲುವುದು ಅಪರೂಪದ ಸಂಗತಿಗಳಲ್ಲ.

1996ರ ಕೇಂದ್ರ ಕಾನೂನಿನ ಆಧಾರದ ಮೇಲೆ ಮಹಾರಾಷ್ಟ್ರದಲ್ಲಿ 2011ರಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಆಯಿತು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಬೇಕಾಗುವುದು ವಯಸ್ಸಿನ ಪುರಾವೆ, ಗುರುತು, ವಾಸದ ಪುರಾವೆ, ಫೋಟೊ, ಬ್ಯಾಂಕ್ ಖಾತೆ ಮತ್ತು 90 ದಿನ ದುಡಿದ ಪ್ರಮಾಣಪತ್ರ. ನೋಂದಣಿಯಾದ ಕಾರ್ಮಿಕ ಕೆಲಸದ ಮೇಲೆ ಇರುವಾಗ ತೀರಿಕೊಂಡರೆ ಮನೆಯವರಿಗೆ 5 ಲಕ್ಷ ರೂಪಾಯಿ, ಸಹಜ ಸಾವಾದರೆ 2 ಲಕ್ಷ ರೂಪಾಯಿ ನೆರವಿನ ಯೋಜನೆ ಇದೆ. ಮಕ್ಕಳ ಓದಿಗೂ ಸಹಾಯ ಇದೆ. ಆದರೆ ಕಾರ್ಡಿನ ನವೀಕರಣ ತಪ್ಪಿದ್ದರೆ ಕೈಗೆ ಏನೂ ಬರುವುದಿಲ್ಲ. ಕಾರ್ಡ್ ಮಾಡಿಸಿ ಪೆಟ್ಟಿಗೆಯಲ್ಲಿ ಇಟ್ಟವರು ಇವತ್ತೇ ತೆಗೆದು ತಾರೀಖು ನೋಡಿ.

90 ದಿನದ ಪ್ರಮಾಣಪತ್ರವನ್ನು ಗುತ್ತಿಗೆದಾರನೇ ಕೊಡಬೇಕು. ಇದು ಉಪಕಾರ ಅಲ್ಲ, ಜವಾಬ್ದಾರಿ. ನೀವು ಗುತ್ತಿಗೆದಾರರಾದ ಮೇಲೆ ಒಂದು ಹಾಜರಿ ಪುಸ್ತಕ ಇಡಿ, ಕನ್ನಡದಲ್ಲಿ ಬರೆದರೂ ಸರಿ. ಅದರ ಮೇಲಿಂದ ಪ್ರಮಾಣಪತ್ರ ಬರೆದುಕೊಡಿ. ಕೆಲಸ ಮಾಡದವರಿಗೆ, ಅವರು ನೆಂಟರಾಗಿದ್ದರೂ, ಸಹಿ ಹಾಕಬೇಡಿ. ಸುಳ್ಳು ಪ್ರಮಾಣಪತ್ರ ಸಿಕ್ಕಿಬಿದ್ದರೆ ಸಹಿ ಮಾಡಿದವನ ಮೇಲೆ ಕೇಸಾಗುತ್ತದೆ, ಅಷ್ಟೇ ಅಲ್ಲ, ನಿಜವಾಗಿ ದುಡಿದವರ ಅರ್ಜಿಗಳೂ ಅನುಮಾನಕ್ಕೆ ಬೀಳುತ್ತವೆ. ಕರ್ನಾಟಕದಲ್ಲಿಯೂ ಇಂಥದೇ ಮಂಡಳಿ ಇದೆ. ಎರಡೂ ಕಡೆ ಕಾರ್ಡ್ ಮಾಡಿಸುವ ಆಸೆ ಬೇಡ, ಆಧಾರ ಒಂದೇ ಇರುವುದರಿಂದ ಗೊತ್ತಾಗಿಯೇ ಆಗುತ್ತದೆ.

ಇದರ ಹೊರತಾಗಿ, ಕೆಲಸದ ಮೇಲೆ ಅಪಘಾತವಾದರೆ ಪರಿಹಾರದ ಹೊಣೆ ಕೆಲಸ ಕೊಟ್ಟವನದು ಎಂಬ ನಿಯಮ 1923ರ ಕಾನೂನಿನಿಂದ ಬಂದದ್ದು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಹಳೆಯ ಕಾನೂನುಗಳ ಹೆಸರು ಹೋದರೂ ಆ ಹೊಣೆ ಹೋಗಿಲ್ಲ, ಸೆಸ್ಸೂ ಹೋಗಿಲ್ಲ. "ಅವನು ನನ್ನ ಸೋದರಮಾವನ ಮಗ, ಕೇಸು ಹಾಕುವುದಿಲ್ಲ" ಎಂಬುದು ವಿಮೆ ಅಲ್ಲ. ನೌಕರರ ಪರಿಹಾರ ವಿಮೆ ಎಂದು ಕೇಳಿದರೆ ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ನಾಲ್ಕು ಜನರ ತಂಡಕ್ಕೂ ಸಿಗುತ್ತದೆ. ಸೊಂಟಕ್ಕೆ ಕಟ್ಟುವ ಪಟ್ಟಿ, ಹಗ್ಗ, ಹೆಲ್ಮೆಟ್ ಇವನ್ನು ಮೊದಲ ಬಂಡವಾಳದಲ್ಲಿಯೇ ಸೇರಿಸಿ.

ಭಾಷೆಯ ಮಾತು

ಅರ್ಜಿಗಳೆಲ್ಲ ಮರಾಠಿಯಲ್ಲಿವೆ, ಅವನ್ನು ಮರಾಠಿಯಲ್ಲಿಯೇ ತುಂಬುವುದು ಜಾಣತನ. ನಮ್ಮ ಹುಡುಗರಿಗೆ ಮಾತಾಡಲು ಬಂದರೂ ಸರಕಾರಿ ಮರಾಠಿ ಕಠಿಣ. ಸ್ವಯಂಘೋಷಣಾಪತ್ರದಲ್ಲಿ ಏನು ಬರೆದಿದೆ ಎಂದು ತಿಳಿಯದೆ ಸಹಿ ಮಾಡಬೇಡಿ. ಕಾಲೇಜಿಗೆ ಹೋಗುವ ತಂಗಿಯೋ ತಮ್ಮನೋ ಓದಿ ಹೇಳಲಿ.

ಆದರೆ ಅರ್ಜಿ ಬೇರೆ, ತಕರಾರು ಬೇರೆ. ಸಂವಿಧಾನದ 350ನೇ ಅನುಚ್ಛೇದದ ಪ್ರಕಾರ ಯಾವುದೇ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡುವ ಹಕ್ಕಿದೆ. ಆದ್ದರಿಂದ ನಿಮ್ಮ ಅರ್ಜಿಯನ್ನು ಕಾರಣವಿಲ್ಲದೆ ಹಿಡಿದಿಟ್ಟರೆ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಬೇಗ ಕೆಲಸ ಆಗಲಿ ಎಂದರೆ ಕೆಳಗೆ ಮರಾಠಿ ಸಾರಾಂಶ ಸೇರಿಸಿ. ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾನೂನಿನಲ್ಲಿ ಅಧಿಸೂಚಿಸಿದ ಪ್ರತಿ ದಾಖಲೆಗೂ ದಿನಗಳ ಗಡುವು ಇದೆ, ಕಚೇರಿಯ ಫಲಕದ ಮೇಲೆ ಬರೆದಿರುತ್ತಾರೆ. ಗಡುವು ಮೀರಿದರೆ ಅಥವಾ ತಿರಸ್ಕರಿಸಿದರೆ 30 ದಿನದೊಳಗೆ ಮೊದಲ ಅಪೀಲು ಮಾಡಬೇಕು. ಅಪೀಲಿಗೆ ಬೇಕಾಗುವುದು ಅರ್ಜಿಯ ಕ್ರಮಾಂಕ ಇರುವ ಪಾವತಿ. ಸೇತು ಕೇಂದ್ರದಲ್ಲಿ ಪಾವತಿ ಪಡೆಯದೆ ಎದ್ದು ಬರಬೇಡಿ, ಮೊಬೈಲಿನಲ್ಲಿ ಅದರ ಫೋಟೊ ಇಟ್ಟುಕೊಳ್ಳಿ.

ಕಾಗದ ಹೊಂದಿಸುವಲ್ಲಿ ತೊಡಕಾದ ಸದಸ್ಯರು ಸಂಘದ ಸಭೆಯ ದಿನ ಮೇಲೆ ಹೇಳಿದ ಆರು ದಾಖಲೆಗಳ ಝೆರಾಕ್ಸ್ ತನ್ನಿ. ಮೂಲಪ್ರತಿ ಮನೆಯಲ್ಲಿಯೇ ಇರಲಿ. ಆಧಾರದ ಓಟಿಪಿಯನ್ನು ನಮಗೂ ಹೇಳಬೇಡಿ.